ಕೈಯಾರೆ

ಸೋಮವಾರ ಒಂದು ಶೂ ಡಬ್ಬಿ ಬಂತು ಕಿಂಡರ್ ಕ್ಲಾಸಿಗೆ,
ಮುಚ್ಚಳದ ತುಂಬ ಪೆನ್ಸಿಲ್ ಚುಚ್ಚಿದ ತೂತು.
ಆರ್ಲೋನ ಅಜ್ಜಿ ಕೊಟ್ಟದ್ದು. ಬೆಂಡಿಗೊ ಊರಾಚೆ
ಅವಳ ಹಿತ್ತಲಲ್ಲಿ ಹಿಪ್ಪುನೇರಳೆ ಮರ,
ಅಕ್ಟೋಬರಿನ ಎಳೆ ಬಿಸಿಲಿಗೆ ಈಗಷ್ಟೇ ಚಿಗುರು.

"ಈ ವಾರ ಎಲ್ಲ ನಮ್ಮ ಕೈಯಾರೆ" ಅಂದರು ಮಿಸ್ ಬ್ರಾನ್ವಿನ್,
ಮುಟ್ಟಿ, ಮೂಸಿ, ತೂಗಿ, ಅಳೆದು.
ಹದಿನೆಂಟು ಜೊತೆ ಕೈ ಒಟ್ಟಿಗೇ ಮೇಲೆದ್ದವು.

ಮುನಿಲಕ್ಷ್ಮಿ ನಾನು, ಇಲ್ಲಿ ಮಿಸ್ ಮನಿ,
ಪೇಂಟು ಕಲಸುವವಳು, ಮೂಗು ಒರೆಸುವವಳು.
ಮುಚ್ಚಳ ತೆಗೆದದ್ದೇ ಆ ವಾಸನೆ:
ಹಸಿ ಎಲೆ, ಹಿಕ್ಕೆ, ಒದ್ದೆ ಕಾಗದ.
ಶಿಡ್ಲಘಟ್ಟದ ನಮ್ಮ ಬೀದಿಗೆ ಬೀದಿಯೇ
ಶೂ ಡಬ್ಬಿಯೊಳಗೆ ಮೇಯುತ್ತ ಕೂತಿತ್ತು.

ಕಿವಿಯಿಟ್ಟು ಕೇಳಿ ಪೋ ಮೂ ಪಿಸುಗುಟ್ಟಿದಳು,
"ದೂರದಲ್ಲಿ ಯಾರೋ ಚಿಪ್ಸ್ ತಿಂತಿದಾರೆ."
ಒಂದು ಹುಳು ಮಾತ್ರ ಮೇವು ಬಿಟ್ಟು
ತಲೆಯೆತ್ತಿ ಅಲುಗದೆ ನಿಂತಿತ್ತು.
"ಜ್ವರ" ಅಂದುಬಿಟ್ಟೆ. ಪೊರೆ ಬಿಡುವ ಮುನ್ನಿನ ಆ ನಿಲುವಿಗೆ
ನಮ್ಮ ಕಡೆ ಅದೇ ಹೆಸರು.
ಮರುಗಳಿಗೆಯಲ್ಲಿ ಯಾರೋ ಓಡಿಹೋಗಿ
ಡಬ್ಬಿಯ ಪಕ್ಕ ಐಸ್ ಪ್ಯಾಕ್ ತಂದಿಟ್ಟರು.

ಮಂಗಳವಾರ ಹೆಬ್ಬೆಟ್ಟು.
ನೀಲಿ ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ
ಭೂತಗನ್ನಡಿ ಹಿಡಿದರೆ ಸುಳಿ, ಸುರುಳಿ, ಉತ್ತ ಸಾಲು.
"ಇಡೀ ಲೋಕದಲ್ಲಿ ನಿನ್ನಂಥದ್ದು ಇನ್ನೊಂದಿಲ್ಲ"
ಒಬ್ಬೊಬ್ಬರಿಗೂ ಬಗ್ಗಿ ಹೇಳುತ್ತ ಹೋದರು ಮಿಸ್.
ನನಗೆ ರೇಷನ್ ಅಂಗಡಿಯ ಯಂತ್ರ ನೆನಪಾಯಿತು.
ಅಮ್ಮನ ಹತ್ತೂ ಬೆರಳು ಸರದಿಯಲ್ಲಿ ಒತ್ತಿಸಿಕೊಂಡು
ಕೆಂಪು ದೀಪ ತೋರಿತ್ತು ಅದು: ಇಂಥವರು ಯಾರೂ ಇಲ್ಲ.
ನಲವತ್ತು ವರ್ಷದ ಕುದಿನೀರು
ಅವಳ ಗೆರೆಗಳನ್ನೆಲ್ಲ ಬಿಚ್ಚಿ
ಯಾರ್ಯಾರದೋ ಸೀರೆಗೆ ಸುತ್ತಿ ಕಳಿಸಿತ್ತು.

ಬುಧವಾರ ಜೋನಸ್ ಕಾರ್ಪೆಟ್ಟಿನ ಮೇಲೆ ವಾಂತಿ ಮಾಡಿಕೊಂಡ.
ಯಾರೂ ಏನೂ ಕಲಿಯಲಿಲ್ಲ.

ಗುರುವಾರ ಮಿಸ್ ನನ್ನತ್ತ ತಿರುಗಿ "ಇದು ನಿನಗೆ ಗೊತ್ತಲ್ಲ?"
ಅಜ್ಜಿಯ ಡಬ್ಬಿಯಲ್ಲಿ ಆಗಲೇ ಕಟ್ಟಿದ್ದ ಗೂಡುಗಳಲ್ಲಿ ಒಂದು,
ಬಟ್ಟಲಲ್ಲಿ ಬಿಸಿ ನೀರು. ಮಕ್ಕಳಿಗೆ ಎಟುಕದ ಎತ್ತರ,
ನನಗೂ ರಬ್ಬರ್ ಗ್ಲೌಸು; ಶಾಲೆಯ ನಿಯಮ.
ಗ್ಲೌಸಿಗೆ ಎಳೆ ಸಿಗದು. ತೆಗೆದಿಟ್ಟೆ.
ನೀರು ಆರಿದ ಮೇಲೆ ತೋರುಬೆರಳಲ್ಲಿ ಸವರಿ, ಸವರಿ,
ಇಪ್ಪತ್ತು ವರ್ಷದ ಮೇಲೆ
ತುದಿ ಸಿಕ್ಕಿತು.

ಟಿಶ್ಯೂ ಸುರುಳಿಯ ಖಾಲಿ ರಟ್ಟಿಗೆ ಸರದಿಯಲ್ಲಿ ಸುತ್ತಿದರು,
ತುಂಡಾದಾಗ ಅಯ್ಯೋ ಅಂದರು, ಮತ್ತೆ ಎಣಿಸಿದರು,
ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು.
ಗೂಡು ತೆಳ್ಳಗಾಗಿ, ತೆಳ್ಳಗಾಗಿ,
ಒಳಗೊಂದು ಕಂದು ನೆರಳು.

"ಮಲಗಿದೆಯಾ?" ಪೋ ಮೂ.
ಮಿಸ್ ಬಾಯಿ ತೆರೆಯುವ ಮೊದಲೇ ಹೇಳಿದೆ,
"ಇಲ್ಲ ಕಂದ. ಸತ್ತಿದೆ. ಬಿಸಿ ನೀರಿಗೆ."
ಸುತ್ತುವ ಕೈ ಸುತ್ತುವಲ್ಲೇ ನಿಂತಿತು.
ಗೋಡೆಗಡಿಯಾರಕ್ಕೂ ಸದ್ದಿದೆಯೆಂದು
ಆಗ ಗೊತ್ತಾಯಿತು.
ಕೊನೆಗೆ ಆರ್ಲೋ ಎದ್ದು ನಿಂತು
ಉಳಿದ ಗೂಡುಗಳ ಡಬ್ಬಿಯನ್ನು
ತನ್ನ ಬ್ಯಾಗಿನ ಕೊಕ್ಕೆಯ ಕೆಳಗಿಟ್ಟು ಕಾವಲು ಕೂತ.

ಶುಕ್ರವಾರ ಮರಳುಗುಂಡಿಯ ಮೂಲೆಯಲ್ಲಿ ಹೂತರು.
ಅದಕ್ಕೆ ಹೆಸರಿರಲಿಲ್ಲ; ಐಸ್‌ಕ್ಯಾಂಡಿ ಕಡ್ಡಿಯ ಮೇಲೆ
ಜಾಗ ಸಾಲುವಷ್ಟು ಹೆಬ್ಬೆಟ್ಟು ಒತ್ತಿದರು.

ಸಂಜೆ ಫೋನಿನಲ್ಲಿ ಅಮ್ಮ ಕೆಮ್ಮು ಬರುವಷ್ಟು ನಕ್ಕಳು.
"ಒಂದು ಗೂಡಿಗೆ ಒಂದು ದಿವಸವಾ?
ಮಾಲೀಕ ಅಟ್ಟಾಡಿಸ್ತಿದ್ದ ಕಣೇ."
ಆಮೇಲೆ, ಪಾತ್ರೆ ಸರಿಸುವ ಸದ್ದಿನ ನಡುವೆ,
"ಎಷ್ಟಮ್ಮಾ ವಯಸ್ಸು, ಆ ಮಕ್ಕಳಿಗೆ?"

"ಐದು."

"ಹ್ಞೂಂ.
ನಾನೂ ಐದಕ್ಕೇ ಕೈ ಇಟ್ಟಿದ್ದು."